ಲಿಫ್ಟ್ ಗುಂಡಿಯ ಪೆನ್ನಿ

ಗಂಡನ ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಗೆಳೆದು ನೋಡಿಯಾಗಿತ್ತು. ಈಗ ಅವಳು ಅಂಗಿಯ ಜೇಬಿಗೆ ಕೈ ಹಾಕಿದಳು. ಒಂದು ಟೆಸ್ಟರ್, ಮುದುಡಿದ ಬಸ್ ಟಿಕೆಟ್ಟು, ಕಾಗದ ಬಿಚ್ಚದ ಪೆಪ್ಪರಮೆಂಟು. ಆಸ್ಪತ್ರೆಯವರು ಬಟ್ಟೆ ತುಂಬಿಸಿ ಕೊಟ್ಟ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಏನೂ ಬೀಳಲಿಲ್ಲ.

"ಏನು ಹುಡುಕ್ತಿದ್ದೀರಿ ಅತ್ತಿಗೆ?" ಮೈದುನ ಬಾಗಿಲಲ್ಲಿ ನಿಂತಿದ್ದ.

"ನಾಣ್ಯ."

"ಯಾವ ನಾಣ್ಯ?"

"ನಿನ್ನೆ ನಿಮ್ಮಣ್ಣಂಗೆ ಸಿಕ್ಕಿದ್ದು."

ಅವನು ಅವಳನ್ನೇ ನೋಡಿದ. ನಡುಮನೆಯಲ್ಲಿ ಅಣ್ಣನನ್ನು ಮಲಗಿಸಿದೆ, ಚಿತಾಗಾರದ ವ್ಯಾನು ಇನ್ನೇನು ಬರಬೇಕು, ಇವಳಿಗೆ ನಾಣ್ಯದ ಚಿಂತೆ. "ಆಮೇಲೆ ನೋಡೋಣ, ಬನ್ನಿ" ಎಂದಷ್ಟೇ ಹೇಳಿ ಹೋದ.

ನಿನ್ನೆ ಮಧ್ಯಾಹ್ನ ಗಂಡ ಫೋನು ಮಾಡಿದ್ದ. ಹಳೇ ಕಚೇರಿ ಕಟ್ಟಡವೊಂದರ ಲಿಫ್ಟ್ ರಿಪೇರಿಗೆ ಹೋಗಿದ್ದವನು, ಲಿಫ್ಟಿನ ಕೆಳಗಿನ ಗುಂಡಿಯಿಂದಲೇ ಮಾತಾಡಿದ್ದ. "ಬ್ರಿಟಿಷರ ಪೆನ್ನಿ ನಾಣ್ಯ ಸಿಕ್ತು ಕಣೇ. ರಾಣಿಯ ತಲೆ ಇರೋದು. ಗ್ರೀಸಲ್ಲಿ ಮುಳುಗಿ ಕಾಡಿಗೆ ಥರ ಇದೆ. ಮೊದಲು ನಿನಗೆ ತೋರಿಸ್ತೀನಿ, ಆಮೇಲೆ ಗಡಿಯಾರದ ಅಜ್ಜಂಗೆ." ಅವಳು ಆಗ ಪಾಠಕ್ಕೆ ಹೊರಟು ತರಗತಿಯೊಂದರ ಹೊರಗಿದ್ದಳು. "ಸರಿ, ಸಂಜೆ" ಎಂದು ಇಟ್ಟುಬಿಟ್ಟಳು. ಲಿಫ್ಟನ್ನು ನಿಲ್ಲಿಸಿದವನು ಅವನೇ ಆದ್ದರಿಂದ ಮೇಲಿನ ಮೋಟಾರು ಕೋಣೆಗೆ ಮೆಟ್ಟಿಲು ಹತ್ತಿಕೊಂಡು ಹೋದ. ಒಂದು ತಿರುವಿನಲ್ಲಿ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ.

ಅವಳಿಗೆ ಅಳು ಬಂದಿರಲಿಲ್ಲ. ಬೇಕಾಗಿದ್ದದ್ದು ಆ ಪೆನ್ನಿ ಮಾತ್ರ. ಅವನು ಎತ್ತಿಕೊಂಡ ಕೊನೆಯ ವಸ್ತು, ಅವನು ಹೇಗೆ ಹಿಡಿದಿದ್ದನೋ ಹಾಗೇ, ಆ ಗ್ರೀಸಿನ ಸಮೇತ ಬೇಕಾಗಿತ್ತು.

*

ಲಿಫ್ಟಿಗೂ ನೆಲಕ್ಕೂ ನಡುವೆ ಎರಡು ಬೆರಳಿನ ಸಂದಿಯಿರುತ್ತದೆ. ಜನರ ಕೈಯಿಂದ ಜಾರಿದ್ದೆಲ್ಲ ಆ ಸಂದಿಯಲ್ಲಿ ಇಳಿದು ಗುಂಡಿ ಸೇರುತ್ತದೆ. ಕೀಲಿಕೈ, ಓಲೆ, ಅಂಗಿಯ ಬಟನ್ನು, ಪಿನ್ನು. ಹಳೇ ಕಟ್ಟಡಗಳಾದರೆ ಬ್ರಿಟಿಷರ ಕಾಲದ ನಾಣ್ಯ. ಓಲೆ, ಕೀಲಿಕೈಗಳನ್ನು ಅವನು ಕಾವಲುಗಾರನ ಕೈಗೆ ಕೊಟ್ಟು ಬರುತ್ತಿದ್ದ. ನಾಣ್ಯವನ್ನು ಮಾತ್ರ ಕಾವಲುಗಾರನನ್ನು ಕೇಳಿ, ಅವನು ಹೂಂ ಎಂದರೆ ಮನೆಗೆ ತರುತ್ತಿದ್ದ.

ಭಾನುವಾರ ಗಡಿಯಾರ ರಿಪೇರಿಯ ಅಜ್ಜನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಣ್ಯದ ಹುಚ್ಚಿನವರ ಕೂಟ. ಅಜ್ಜ, ಒಬ್ಬ ಬಸ್ ಕಂಡಕ್ಟರು, ಒಬ್ಬ ನರ್ಸು, ಇವನು. ಆ ವಾರ ಸಿಕ್ಕಿದ್ದು ಕೈಯಿಂದ ಕೈಗೆ ಸುತ್ತಬೇಕು, ಅಂಚು ಹಿಡಿದೇ ನೋಡಬೇಕು, ತಂದವನು ಎಲ್ಲರಿಗಿಂತ ಕೊನೆಗೆ ಬಾಯಿಬಿಡಬೇಕು. ಯಾರಾದರೂ ಬೆರಳು ಒಳಗೆ ಸರಿಸಿದರೆ ಅಜ್ಜ ಗುಡುಗುತ್ತಿದ್ದ: "ಅಂಚು, ಅಂಚು." ಇನ್ನು ತೊಳೆಯುವ ಮಾತೆತ್ತಿದರೆ ಮುಗಿಯಿತು. ಬಣ್ಣವೇ ನಾಣ್ಯದ ವಯಸ್ಸು, ಉಜ್ಜಿದರೆ ಕೊಂದ ಹಾಗೆ ಎನ್ನುತ್ತಿದ್ದ.

ಗಂಡನ ಬಳಿ ಮೊದಲೇ ಒಂದು ಪೆನ್ನಿಯಿತ್ತು. ದೀಪಕ್ಕೆ ಓರೆಯಾಗಿ ಹಿಡಿದರೆ ರಾಣಿಯ ಕೆನ್ನೆಯ ಮೇಲೆ ಕಪ್ಪು ಗೆರೆಗಳ ಸುರುಳಿ ಕಾಣುತ್ತಿತ್ತು.

"ಹೊಸದಿದ್ದಾಗ ಯಾರೋ ಒತ್ತಿ ಹಿಡಿದಿದ್ದಾರೆ" ಎಂದಿದ್ದ. "ಹೊಳೆಯೋ ಕಂಚಿನ ಮೇಲೆ ಬೆರಳಿಟ್ರೆ ಅಷ್ಟೇ. ಗುರುತು ಆಗ ಕಾಣಲ್ಲ. ನಿಧಾನಕ್ಕೆ ಕಪ್ಪಾಗುತ್ತೆ, ಆಮೇಲೆ ಹೋಗೋದೇ ಇಲ್ಲ. ಅಜ್ಜ ಇದನ್ನ ಹಾಳಾದ ನಾಣ್ಯ ಅಂತಾನೆ. ನಂಗೆ ಇದೇ ಇಷ್ಟ."

"ಯಾರದೋ ಹೆಬ್ಬೆಟ್ಟು ಇಷ್ಟು ಹೊತ್ತು ನೋಡ್ತೀಯ. ನನ್ನ ಕೈ ನೋಡಿದ್ದೀಯಾ ಯಾವತ್ತಾದ್ರೂ?"

"ನಿನ್ನ ಕೈಗೆ ಅಂಚೆಲ್ಲಿದೆ, ಹೇಗೆ ಹಿಡೀಲಿ?"

*

"ಲಿಫ್ಟ್ ರಿಪೇರಿ ಮಾಡೋನು ಮೆಟ್ಟಿಲ ಮೇಲೆ ಹೋದ ನೋಡು" ಎಂದು ಚಿಕ್ಕತ್ತೆ ಪಕ್ಕದವರಿಗೆ ಹೇಳುತ್ತಿದ್ದಳು. "ಹಣೆಬರಹಕ್ಕೂ ತಮಾಷೆ ಬೇಕು."

"ಮೆಲ್ಲಗೆ ಮಾತಾಡಿ, ಅವಳಿಗೆ ಕೇಳುತ್ತೆ."

"ಕೇಳೋದೆಲ್ಲಿ? ಕಲ್ಲಿನ ಥರ ಕೂತಿದ್ದಾಳೆ. ಒಂದು ಹನಿ ಕಣ್ಣೀರಿಲ್ಲ."

ಕೇಳುತ್ತಿತ್ತು. ವ್ಯಾನಿನ ಬಾಗಿಲು ಮುಚ್ಚಿದ್ದೂ ಕೇಳಿತು. ಚಿತಾಗಾರಕ್ಕೆ ಹೋದದ್ದು, ಅವನನ್ನು ಕಳಿಸಿಕೊಟ್ಟದ್ದು, ವಾಪಸು ಬಂದು ಕೈಕಾಲು ತೊಳೆದದ್ದು ಎಲ್ಲವೂ ಗಾಜಿನ ಆಚೆ ನಡೆದ ಹಾಗಿತ್ತು. ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದ್ದು ಒಂದೇ: ಮೆಟ್ಟಿಲ ಮೇಲೆ ಬಿದ್ದಿರಬಹುದೇ, ಸ್ಟ್ರೆಚರಿನಲ್ಲೇ ಉಳಿದಿರಬಹುದೇ, ಮತ್ತೆ ಆ ಗುಂಡಿಗೇ ಜಾರಿರಬಹುದೇ.

ನೆಂಟರು ಒಬ್ಬೊಬ್ಬರೇ ಎದ್ದರು. ಭಾನುವಾರದ ಕೂಟದ ಮೂವರು ಮಾತ್ರ ನಡುಮನೆಯಲ್ಲಿ ಉಳಿದರು. ಕಂಡಕ್ಟರು ಚಪ್ಪಲಿಯ ಕಡೆ ನೋಡುತ್ತಿದ್ದ.

"ನಿನ್ನೆ ಅಂಗಡಿಗೂ ಫೋನ್ ಮಾಡಿದ್ದ" ಎಂದ ಅಜ್ಜ. "ಏನೋ ಸಿಕ್ಕಿದೆ, ಭಾನುವಾರ ಬಾಯಿ ಮುಚ್ಚಿಕೊಂಡು ಕೂತಿರ್ತೀನಿ ಅಂದ. ನಾನು ಗಿರಾಕಿ ಇದ್ದಾರೆ ಅಂತ ಇಟ್ಟುಬಿಟ್ಟೆ."

"ನಾನೂ ಇಟ್ಟುಬಿಟ್ಟೆ" ಎಂದಳು ಅವಳು. ಆ ದಿನ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಆಗ ಅತ್ತೆ ಅಡುಗೆಮನೆಯಿಂದ ಬಂದರು. ಇಡೀ ಆಯುಷ್ಯ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ಬೆಳಗಿದ ಕೈ, ಮುಷ್ಟಿ ಬಿಗಿಯಾಗಿತ್ತು.

"ಸಿಕ್ಕಿದ್ದನ್ನ ನೀವೆಲ್ಲ ಕೂತು ನೋಡ್ತೀರಂತಲ್ಲ. ಇದೂ ನೋಡ್ಬಿಡಿ" ಎಂದು ನೆಲದ ಮೇಲೆ ಕೂತು ಮುಷ್ಟಿ ಬಿಚ್ಚಿದರು. "ರಾತ್ರಿ ಅವನ ಜೇಬಲ್ಲಿತ್ತು. ಮಸಿ ಹಿಡಿದು ನೋಡೋಕಾಗ್ತಿರಲಿಲ್ಲ. ನಿದ್ದೆ ಹೇಗೂ ಬರ್ತಿರಲಿಲ್ಲ. ನಿಂಬೆಹಣ್ಣು, ಬೂದಿ ಹಾಕಿ ಬೆಳಗಾಗೋವರೆಗೂ ತಿಕ್ಕಿದೆ. ನನ್ನ ಮಗ ಕೊನೇಲಿ ತಂದಿದ್ದು ಹೊಲಸಾಗಿರಬಾರದು."

ಅಂಗೈಯಲ್ಲಿ ಪೆನ್ನಿ ಹೊಳೆಯಿತು. ಸುಟ್ಟ ಗಾಯದ ಮೇಲೆ ಬಂದ ಹೊಸ ಚರ್ಮದ ನಸುಗೆಂಪು. ರಾಣಿಯ ಕೂದಲಿನ ಗೆರೆಗಳು ಮಾಸಿ ಚಪ್ಪಟೆಯಾಗಿದ್ದವು.

ಗ್ರೀಸು ಹೋಗಿತ್ತು. ಗ್ರೀಸಿನ ಮೇಲಿದ್ದ ಅವನ ಬೆರಳ ಗುರುತೂ ಹೋಗಿತ್ತು. ನಿನ್ನೆಯಿಂದ ಅವಳು ಹಿಡಿದುಕೊಂಡಿದ್ದ ಒಂದೇ ಆಸೆಯನ್ನು ಈ ಕೈ ಬೂದಿ ಹಾಕಿ ತೊಳೆದು ಚರಂಡಿಗೆ ಬಿಟ್ಟಿತ್ತು.

"ಅಯ್ಯೋ, ಇದನ್ನ ಯಾಕಮ್ಮ..." ಎಂದು ಕಂಡಕ್ಟರು ಶುರುಮಾಡಿದ. ನರ್ಸು ಅವನ ಮೊಣಕೈ ಹಿಡಿದಳು.

"ಯಾಕೆ, ತಪ್ಪಾಯ್ತಾ?" ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಹೀಗೆ ಮಾಡಬಾರದಿತ್ತಾ?"

ಅಜ್ಜ ಕನ್ನಡಕ ಏರಿಸಿ ಪೆನ್ನಿಯನ್ನು ಅಂಚು ಹಿಡಿದು ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿದ.

"ಇಷ್ಟು ಹೊಳೆಯೋದು ನಮ್ಮ ಕೋಣೆಗೆ ಇದುವರೆಗೂ ಬಂದಿಲ್ಲ ತಾಯಿ" ಎಂದ. ಅದು ನಿಜವೇ ಆಗಿತ್ತು.

ನರ್ಸು ನೋಡಿದಳು. ಕಂಡಕ್ಟರು ನೋಡಿದ, "ಒಳ್ಳೇದು ಸಿಕ್ಕಿದೆ" ಎಂದ. ಸುತ್ತಿ ಬಂದ ನಾಣ್ಯವನ್ನು ಅಜ್ಜ ಮತ್ತೆ ಅತ್ತೆಯ ಕೈಗಿಟ್ಟ. ಕೂಟದ ನಿಯಮದಂತೆ ಇನ್ನು ತಂದವನು ಮಾತಾಡಬೇಕು.

ಅತ್ತೆ ಈಗ ಎಲ್ಲರನ್ನೂ ನೋಡಿ ಕಲಿತಿದ್ದರು. ಪೆನ್ನಿಯನ್ನು ಎರಡು ಬೆರಳ ತುದಿಯಲ್ಲಿ, ಅಂಚಿನಲ್ಲಿ, ಬಿಸಿ ಪಾತ್ರೆ ಹಿಡಿದಂತೆ ಹಿಡಿದು ಸೊಸೆಯ ಕಡೆ ತಿರುಗಿದರು. "ನೀನು ಹೇಳು. ಅವನಿದ್ದಿದ್ರೆ ಬಯ್ತಿದ್ನಾ?"

ಅವಳು ಎದ್ದು ಹೋಗಿ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಬೂದಿಗೆ ಬಿರಿದ ಆ ಬೆರಳುಗಳಿಂದ ನಿಂಬೆಯ ವಾಸನೆ ಬರುತ್ತಿತ್ತು.

"ಹಾಗಲ್ಲ ಅತ್ತೆ" ಎಂದಳು. "ಗಟ್ಟಿಯಾಗಿ ಹಿಡ್ಕೊಳ್ಳಿ."

ಅತ್ತೆ ಅನುಮಾನದಿಂದ ಅಜ್ಜನ ಕಡೆ ನೋಡಿದರು. ಅಜ್ಜ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಅಂಚು ಎನ್ನಲಿಲ್ಲ. ಅವಳು ಅತ್ತೆಯ ಹೆಬ್ಬೆರಳನ್ನು ಹಿಡಿದು, ಹೊಳೆಯುವ ಕಂಚಿನ ಮೇಲೆ, ರಾಣಿಯ ಕೆನ್ನೆಯ ನಡುಮಧ್ಯಕ್ಕೆ ತಂದು ಒತ್ತಿದಳು. ಒತ್ತಿ, ಬಿಡದೆ ಹಾಗೇ ಹಿಡಿದುಕೊಂಡಳು.