ಬೀಗದವಳು

ಪೆಟ್ಟಿಗೆ ಲಿಫ್ಟಿನೊಳಗೆ ಹಿಡಿಸಲಿಲ್ಲ. ಓರೆ ಮಾಡಿ ನೋಡಿದರು, ನೆಟ್ಟಗೆ ನಿಲ್ಲಿಸಿ ನೋಡಿದರು. ಪ್ರತಿ ಸಲವೂ ಬಾಗಿಲು ಅರ್ಧ ದಾರಿ ಬಂದು, ಪೆಟ್ಟಿಗೆಯ ಮೂಲೆಗೆ ತಗುಲಿ, ಮುನಿಸಿಕೊಂಡಂತೆ ಹಿಂದಕ್ಕೆ ಸರಿಯುತ್ತಿತ್ತು.

“ಖಾಲಿ ಪೆಟ್ಟಿಗೇನೇ ಹೀಗೆ. ಇಳಿಸೋವಾಗಲೂ ಮೆಟ್ಟಿಲೇ ಗತಿ,” ಎಂದು ಪೆಟ್ಟಿಗೆ ತಂದವನು ಬೆವರು ಒರೆಸಿಕೊಂಡ.

“ಬದುಕಿಡೀ ಲಿಫ್ಟ್ ನಡೆಸಿದೋನಿಗೆ ಕೊನೆಗೆ ಲಿಫ್ಟೇ ಇಲ್ಲ ನೋಡಿ,” ಎಂದ ಕೆಳಮನೆಯ ಮುದುಕ. ಯಾರೂ ನಗಲಿಲ್ಲ.

ಮೇಲಿನ ಮಹಡಿಯಲ್ಲಿ ಕಂಬಿ ಹಿಡಿದು ನಿಂತಿದ್ದ, ತೀರಿಕೊಂಡವನ ಹೆಂಡತಿಗೆ ಆ ಮಾತು ಕೇಳಿಸಿತು. ಇದರಿಂದ ಅವನಿಗೇನೂ ಬೇಸರವಾಗುತ್ತಿರಲಿಲ್ಲ ಎಂದುಕೊಂಡಳು. ಅವನು ಆಸ್ಪತ್ರೆಯ ಲಿಫ್ಟ್ ನಡೆಸುವವ. ಅಲ್ಲಿ ಡಾಕ್ಟರರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಕುಳ್ಳ ಆಳು. ಮೇಲಿನ ಸಾಲಿನ ಗುಂಡಿ ಒತ್ತಲು ತುದಿಗಾಲಲ್ಲಿ ನಿಲ್ಲಬೇಕಿತ್ತು. ಸಂಜೆ ಮನೆಗೆ ಬಂದರೆ ಈ ಕಟ್ಟಡದ ಲಿಫ್ಟಿನತ್ತ ತಲೆ ಎತ್ತಿಯೂ ನೋಡುತ್ತಿರಲಿಲ್ಲ. “ದಿನವೆಲ್ಲಾ ಬೇರೆಯವರನ್ನ ಹತ್ತಿಸಿ ಇಳಿಸ್ತೀನಿ. ನಮ್ಮನೆಗಾದ್ರೂ ನನ್ನ ಕಾಲಲ್ಲಿ ಬರ್ತೀನಿ ಕಣೇ,” ಎನ್ನುತ್ತಿದ್ದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದಾಗಲೇ ಅವಳು ಒಲೆ ಹಚ್ಚುತ್ತಿದ್ದಳು.

ಚಳಿ ಶುರುವಾದ ಮೇಲೆ ಒಂದು ಸಂಜೆ ಹೆಜ್ಜೆಯ ಸದ್ದೇ ಇಲ್ಲದೆ ಅವನು ಬಾಗಿಲಲ್ಲಿ ನಿಂತಿದ್ದ. ಅದಕ್ಕೂ ಮುಂಚೆ ಲಿಫ್ಟಿನ ಬಾಗಿಲು ತೆರೆದ ಸದ್ದಾಗಿತ್ತು. ಪರದೆ ಹೊಲಿಯುತ್ತಿದ್ದವಳು ಯಂತ್ರ ನಿಲ್ಲಿಸಿ ಅವನ ಮುಖ ನೋಡಿದಳು. ಅವನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದ. ಅಂದಿನಿಂದ ದಿನವೂ ಲಿಫ್ಟಿನಲ್ಲೇ ಬಂದ. ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

“ಅತ್ತಿಗೆ, ನೀವು ಒಳಗೆ ಕೂತ್ಕೊಳ್ಳಿ. ಎಲ್ಲಾ ನಾನು ನೋಡ್ಕೋತೀನಿ.” ಮೈದುನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಕಬ್ಬಿಣದ ಸಾಮಾನಿನ ಅಂಗಡಿ ಅವನದು. ಕೆಟ್ಟವನಲ್ಲ, ಆದರೆ ಹಿಡಿ ಎಂದರೆ ಹೊರುವ ಸ್ವಭಾವ. “ಹೊರೋಕೆ ನಾನು, ನನ್ನಿಬ್ಬರು ಮಕ್ಕಳು, ನಮ್ಮ ಭಾವ. ಹೊರಗಿನವರು ಯಾರೂ ಬೇಡ. ಸರೀನಾ?”

ಅವಳು ಅವನ ಭುಜದಾಚೆ ನೋಡಿದಳು. ಅವನ ಬೆನ್ನ ಹಿಂದೆ ಮೂವರು ಹತ್ತಿ ಬರುತ್ತಿದ್ದರು. ಮುಂದೆ ಕನ್ನಡಕದಂಗಡಿಯವನು, ಒಂದು ಕಾಲು ಎಳೆಯುತ್ತ. ಅವನ ಹಿಂದೆ ಆಸ್ಪತ್ರೆಯ ನರ್ಸು, ಕೆಲಸದ ಬಿಳಿ ಬಟ್ಟೆಯಲ್ಲೇ. ಕೊನೆಗೆ ಗ್ಯಾರೇಜಿನ ಲಂಬು, ಎಲ್ಲ ಬಾಗಿಲಿಗೂ ತಲೆ ಬಗ್ಗಿಸಿ ಬಗ್ಗಿಸಿ ಬೆನ್ನೇ ಬಾಗಿಹೋದವನು.

“ಇವರು ಯಾರು?” ಮೈದುನ ಪಿಸುಗುಟ್ಟಿದ.

“ಭಾನುವಾರದ ಆಟದವರು.”

“ಇಸ್ಪೀಟಾ?”

“ಅಲ್ಲ,” ಎಂದಳು. ಮತ್ತೇನು ಎಂದು ಅವನಿಗೆ ಹೇಗೆ ಹೇಳುವುದೋ ಅವಳಿಗೆ ತಿಳಿಯಲಿಲ್ಲ.

*

ಅವಳು ಆ ಆಟಕ್ಕೆ ಹೋದದ್ದು ಒಂದೇ ಒಂದು ಸಲ, ಅದೂ ವರ್ಷಗಳ ಹಿಂದೆ. “ಒಬ್ಬಳೇ ಕೂತು ಏನ್ಮಾಡ್ತೀಯ, ಬಾ,” ಎಂದು ಗಂಡನೇ ಕರೆದಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಬಲು ಉದ್ದ.

ಕನ್ನಡಕದಂಗಡಿಯ ಹಿಂದಿನ ಕೋಣೆ. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ದೊಡ್ಡ ಚಿಕ್ಕ ಅಕ್ಷರಗಳು. ಮೇಜಿನ ಮೇಲೆ ಕೈಯಲ್ಲೇ ಬರೆದ ನಕ್ಷೆ, ಚಿತ್ರವಿಚಿತ್ರ ಮುಖಗಳ ದಾಳಗಳು. ಕಥೆ ನಡೆಸುವವನು ಕನ್ನಡಕದವನು. ಕಾಡು, ಕೋಟೆ, ಗುಹೆ, ರಾಕ್ಷಸ ಎಲ್ಲವೂ ಅವನ ಬಾಯಲ್ಲೇ. ಉಳಿದವರು ಒಂದೊಂದು ವೇಷ ತೊಟ್ಟು ಆ ಕಥೆಯೊಳಗೆ ನಡೆಯಬೇಕು.

“ಮೊದಲು ನಿಮ್ಮ ಕುಲ ಹೇಳಿ, ಅಕ್ಕ,” ಎಂದಿದ್ದ ಅವನು.

“ಆಟಕ್ಕೂ ಕುಲ ಬೇಕಾ?”

“ಆ ಕುಲ ಅಲ್ಲ. ಮನುಷ್ಯರು, ಕಿನ್ನರರು, ಕುಬ್ಜರು, ಅರೆದೈತ್ಯರು. ಲಂಬು ಕಿನ್ನರ. ಸಿಸ್ಟರ್ ಅರೆದೈತ್ಯೆ.”

ಗುಬ್ಬಚ್ಚಿಯಂಥ ನರ್ಸು ನಾಚಿಕೊಂಡಳು. “ಆಸ್ಪತ್ರೇಲಿ ಎಲ್ರೂ ನನ್ನನ್ನ ಪಕ್ಕಕ್ಕೆ ತಳ್ಕೊಂಡು ಹೋಗ್ತಾರೆ ಅಕ್ಕ. ಇಲ್ಲಿ ನಾನು ಬಾಗಿಲು ಒದ್ದೇ ಒಳಗೆ ಹೋಗೋದು.”

“ನಮ್ಮೋರು?”

“ಕುಬ್ಜ. ಇಲ್ಲಾದ್ರೂ ದೈತ್ಯ ಆಗು ಅಂತ ನಾವೆಲ್ಲ ಬಡ್ಕೊಂಡ್ವಿ.”

“ಇರೋ ಎತ್ತರ ಅಭ್ಯಾಸ ಆಗಿದೆ. ಹೊಸದು ಸಂಭಾಳಿಸೋರು ಯಾರು?” ಎಂದ ಗಂಡ. ಎಲ್ಲರೂ ನಕ್ಕರು. ಮನೆಯಲ್ಲಿ ಅವನು ನಾಲ್ಕು ಜನರನ್ನು ನಗಿಸಿದ್ದನ್ನು ಅವಳು ನೋಡಿರಲಿಲ್ಲ.

ಅವಳು ಮನುಷ್ಯಳಾಗಿಯೇ ಇರುತ್ತೇನೆಂದಳು. ಇನ್ನು ಕಸುಬು. ಗಾಯ ಮಾಯಿಸುವ ವೈದ್ಯೆಯಾಗಲಿ, ನಮಗೊಬ್ಬರು ಬೇಕು ಎಂದು ಲಂಬು ಸೂಚಿಸಿದ. ಅವಳು ಪಟ್ಟಿಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದಳು. “ಇದು ಏನು?”

“ಕಳ್ಳಿ. ಬೀಗ ತೆಗೆಯೋಳು.”

“ಇದೇ ಇರಲಿ. ಇಷ್ಟು ದಿನ ಬೀಗ ಹಾಕಿದ್ದೇ ಆಯ್ತು. ತೆಗೆಯೋದು ಹೇಗಿರುತ್ತೆ ನೋಡೋಣ.”

ಗಂಡ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ. ಹೆಸರೇನಿಡುತ್ತೀರಿ ಎಂದರೆ ಆಮೇಲೆ ಹೇಳ್ತೀನಿ ಎಂದಳು. ಅಷ್ಟರಲ್ಲಿ ಎಲ್ಲರೂ ‘ಬೀಗದವಳು’ ಎಂದು ಕರೆಯತೊಡಗಿದ್ದರು.

ಗುಹೆಯ ಬಾಯಿಗೆ ಬಂದಾಗ ಕನ್ನಡಕದವನು ಹೇಳಿದ: ಹಗ್ಗದ ಸೇತುವೆ ಹಳೆಯದು, ಮೂವರಿಗಿಂತ ಹೆಚ್ಚು ತಡೆಯದು. ಮುಂದಾಳು ಕುಬ್ಜ. ಜೊತೆಗೆ ಯಾರನ್ನು ಕರೆದೊಯ್ಯುತ್ತಾನೆ? ಗಂಡ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕೊನೆಗೆ ಲಂಬುವನ್ನೂ ನರ್ಸನ್ನೂ ಆರಿಸಿದ. “ಇವಳು ಹೊಸಬಳು. ಇಲ್ಲೇ ಕುದುರೆ ಕಾಯ್ತಿರಲಿ,” ಎಂದ.

ಆ ಮೂವರು ಒಳಗೆ ಬಡಿದಾಡಿದರು, ಬಿದ್ದರು, ಎದ್ದರು. ಬೀಗ ಹಾಕಿದ ಒಂದು ಬಾಗಿಲನ್ನು ನರ್ಸು ಒದ್ದು ಮುರಿದಳು. ಬೀಗದವಳು ಸಂಜೆಯವರೆಗೂ ಇಲ್ಲದ ಕುದುರೆಗಳನ್ನು ಕಾಯುತ್ತ ಕುಳಿತಳು.

ಮನೆಗೆ ಬರುವ ದಾರಿಯಲ್ಲಿ ಅವನು ಹೇಳಿದ, “ಒಳಗೆ ಅಪಾಯ ಇತ್ತು ಕಣೇ, ಅದಕ್ಕೇ.”

“ಮನೇಲಿ ಕಾಯೋದು ಸಾಲದು ಅಂತ ಅಲ್ಲೂ ಕಾಯ್ಬೇಕಿತ್ತಾ? ಅಪಾಯ ನಿಮ್ಮೊಬ್ಬರ ಸ್ವತ್ತಾ?” ಎಂದು ಕೇಳಿದಳು. ಅವಳು ಮತ್ತೆ ಹೋಗಲಿಲ್ಲ. ಅವನು ಮತ್ತೆ ಕರೆಯಲಿಲ್ಲ.

*

ನರ್ಸು ಚಹಾ ಮಾಡಿ ತಂದಳು. ಮುಂದಿನ ಕೋಣೆಯಲ್ಲಿ ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಜನ ಬಂದು ನೋಡಿ ಹೋಗುತ್ತಿದ್ದರು. ಹೊಲಿಗೆಯ ಕೋಣೆಯಲ್ಲಿ, ಯಾರದೋ ಮನೆಯ ಅರೆಬರೆ ಪರದೆಗಳ ನಡುವೆ, ಮೂವರು ಆಟದವರು ಅವಳೆದುರು ಕುಳಿತಿದ್ದರು.

“ಅಕ್ಕ, ಸ್ವಲ್ಪ ಕುಡೀರಿ. ನಾನೇ ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು ಅವರಿಗೆ,” ಎಂದಳು ನರ್ಸು. “ರಿಪೋರ್ಟ್ ಬಂದ ದಿನಾನೇ ಅಡ್ಮಿಟ್ ಆಗಿ ಅಂದೆ. ಹೃದಯ ಅಷ್ಟು ಸೋತಿತ್ತು.”

ಲೋಟ ಅವಳ ಕೈಯಲ್ಲೇ ನಿಂತಿತು. “ಯಾವ ರಿಪೋರ್ಟು?”

ನರ್ಸು ಕನ್ನಡಕದವನ ಮುಖ ನೋಡಿದಳು. ಕನ್ನಡಕದವನು ನೆಲ ನೋಡಿದ.

“ನಿಮಗೆಲ್ಲ ಗೊತ್ತಿತ್ತು,” ಎಂದಳು ಅವಳು. ದನಿ ಏರಲಿಲ್ಲ, ಏರಿದ್ದರೆ ಅವರಿಗೇ ಹಗುರಾಗುತ್ತಿತ್ತೇನೋ. “ಊರವರಿಗೆಲ್ಲ ಗೊತ್ತು, ಕಟ್ಕೊಂಡೋಳಿಗೆ ಗೊತ್ತಿಲ್ಲ. ಕೊನೇವರೆಗೂ ನಾನು ಹೊರಗೆ ಕುದುರೆ ಕಾಯೋಳೇ ಆದೆ.”

“ಹಾಗನ್ಬೇಡಿ ಅಕ್ಕ,” ಎಂದ ಲಂಬು. ಅವನು ಮಾತನಾಡುವುದೇ ಅಪರೂಪ. “ನೀವು ಬರದೆ ಇದ್ದ ಭಾನುವಾರವೇ ಇಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಲಂಬು ಕನ್ನಡಕದವನಿಗೆ ಕಣ್ಸನ್ನೆ ಮಾಡಿದ: ನೀನೇ ಹೇಳು.

“ನೀವು ಸಿಟ್ಟು ಮಾಡ್ಕೊಂಡು ಹೋದ್ರಲ್ಲ, ಅದರ ಮುಂದಿನ ವಾರ,” ಕನ್ನಡಕದವನು ಗಂಟಲು ಸರಿಮಾಡಿಕೊಂಡ, “ಅಣ್ಣ ಬಂದು ಕೂತರು. ‘ಬೀಗದವಳೂ ಬರ್ತಾಳೆ, ಅವಳ ದಾಳ ನಾನೇ ಹಾಕ್ತೀನಿ,’ ಅಂದರು. ಒಬ್ಬರು ಇಬ್ಬರಾಗೋ ಹಾಗಿಲ್ಲ, ಆಟದ ನಿಯಮ ಇದೆ ಅಂದೆ. ‘ಹಾಗಾದ್ರೆ ನನ್ನ ಕುಬ್ಜನ್ನ ತೆಗೆದುಬಿಡು, ಅವಳು ಇರಲಿ,’ ಅಂದರು. ಸೋತು ಒಪ್ಪಿಕೊಂಡೆ. ಆವತ್ತಿಂದ ಇಬ್ಬರ ಮಾತೂ ಅವರೇ ಆಡೋರು.”

“ಇಬ್ಬರ ಮಾತು ಅಂದ್ರೆ?”

“ಕುಬ್ಜನದು ಅವರ ದನಿ. ನಿಮ್ಮದು ಬಂದ್ರೆ ಸ್ವಲ್ಪ ಕತ್ತು ಎತ್ತಿ, ಹೀಗೆ.” ನರ್ಸು ಗದ್ದ ಎತ್ತಿ ತೋರಿಸಿದಳು. ಅದು ತನ್ನದೇ ಗದ್ದ, ತನ್ನದೇ ಓರೆನೋಟ ಎಂದು ಅವಳಿಗೆ ಗೊತ್ತಾಯಿತು. “‘ಅಪಾಯ ನಿಮ್ಮೊಬ್ಬರ ಸ್ವತ್ತಾ?’ ಅಂತ ಕುಬ್ಜನಿಗೆ ಗದರಿಸಿ ನೀವೇ ಮುಂದೆ ನುಗ್ತಿದ್ರಿ. ಬಾಯಲ್ಲಿ ನಿಮ್ಮನ್ನ ಗೆದ್ದೋರೇ ಇಲ್ಲ. ಒಂದ್ಸಲ ಮುದಿ ರಾಕ್ಷಸನ ಹತ್ರ ಪರದೆ ಅಳತೆ ತಗೊಳ್ತೀನಿ ಅಂತ ಹೋಗಿ ಬೀಗದ ಕೈ ಎಗರಿಸಿದ್ರಿ. ನಾವು ನಕ್ಕೂ ನಕ್ಕೂ ಸುಸ್ತು.”

ಅವಳಿಗೆ ನಗು ಬಂತು, ಅಥವಾ ನಗುವಿನಂಥದ್ದೇನೋ. ಸೆರಗು ಬಾಯಿಗೆ ಒತ್ತಿಕೊಂಡಳು.

“ಕಾಯಿಲೆ ವಿಷಯ ಅಕ್ಕನಿಗೆ ಹೇಳಿ ಅಂತ ಎಷ್ಟು ಸಲ ಕಾಡಿದೆ,” ನರ್ಸು ಮೆಲ್ಲಗೆ ಮುಂದುವರಿಸಿದಳು. “‘ಮಾತು ಬಾಯಿಗೆ ಬರ್ತಿಲ್ಲ ಸಿಸ್ಟರ್, ಒಂದ್ಸಲ ಇಲ್ಲಿ ಹೇಳಿ ನೋಡ್ತೀನಿ,’ ಅಂದ್ರು. ಹಿಂದಿನ ವಾರ ಅದೇ ಆಯ್ತು. ಕಾಡಲ್ಲಿ ಬೆಂಕಿ ಹಾಕ್ಕೊಂಡು ಕೂತಿದ್ವಿ. ಕುಬ್ಜ ಬೀಗದವಳಿಗೆ ಹೇಳಿದ, ‘ನನ್ನ ಎದೆ ಕೆಟ್ಟಿದೆ ಕಣೇ, ಬಹಳ ದೂರ ಬರೋಕಾಗಲ್ಲ,’ ಅಂತ.”

ಹೊರಗೆ ಯಾರೋ ಕುರ್ಚಿ ಎಳೆದರು.

“ಆಮೇಲೆ?”

“ಆಮೇಲೆ ನಿಮ್ಮ ಸರದಿ. ಅಣ್ಣ ನಿಮ್ಮ ದಾಳ ಕೈಗೆತ್ತಿಕೊಂಡು ಹೊರಳಿಸ್ತಾ ಕೂತರು.”

“ನಾನು ಏನಂದೆ?” ಎಂದು ಅವಳು ಕೇಳಿದಳು.

ಉತ್ತರಿಸಿದವನು ಕನ್ನಡಕದವನು. “ನಮ್ಮ ಕುಬ್ಜ ಕುದುರೆ ಹತ್ತೋನಲ್ಲ, ಅಕ್ಕ. ಎಲ್ಲಿಗಾದರೂ ನನ್ನ ಕಾಲಲ್ಲೇ ಬರ್ತೀನಿ ಅನ್ನೋ ಜಂಬ. ಈಚೆಗೆ ಯಾಕೋ ಕುದುರೆ ಮೇಲೆ ಬರೋಕೆ ಶುರು ಮಾಡಿದ್ದ. ನೀವು ಅಂದ್ರಿ, ‘ನೀವು ಕುದುರೆ ಹತ್ತಿದ ದಿನಾನೇ ನಂಗೆ ಗೊತ್ತಾಯ್ತು ರೀ. ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ.’ ಅಷ್ಟೇ. ಆಟ ಅಲ್ಲಿಗೆ ನಿಲ್ಲಿಸಿದ್ವಿ.”

ಕುದುರೆಯ ಮಾತು ಅವರಿಗೆ ಬರೀ ಆಟದ್ದಾಗಿತ್ತು. ಅವಳು ಮುಖ ತಿರುಗಿಸಿ ಕಿಟಕಿಯತ್ತ ನೋಡಿದಳು. ಚಳಿಗಾಲದ ಆ ಸಂಜೆ ತಾನು ಹೊಲಿಗೆಯಂತ್ರ ನಿಲ್ಲಿಸಿದ್ದನ್ನು ಅವನು ಕೇಳಿಸಿಕೊಂಡಿದ್ದ. ಇಬ್ಬರೂ ಇಷ್ಟು ದಿನ ಒಂದೇ ಬಾಗಿಲಿನ ಎರಡು ಕಡೆ ನಿಂತು, ಇನ್ನೊಬ್ಬರು ನಿಂತಿರುವುದು ಗೊತ್ತಿದ್ದೂ ತಟ್ಟದೆ ಇದ್ದರು. ನರ್ಸು ಅವಳ ಕೈ ಹಿಡಿದುಕೊಂಡಳು. ಚಹಾ ಆರಿಹೋಯಿತು. ಅವಳು ಅತ್ತಳು, ಸದ್ದಿಲ್ಲದೆ, ಬಹಳ ಹೊತ್ತು. ಮೂವರೂ ಎದ್ದು ಹೋಗಲಿಲ್ಲ.

*

“ಅತ್ತಿಗೆ, ಗಾಡಿ ಬಂತು.” ಮೈದುನ ಬಾಗಿಲಲ್ಲಿ ಇಣುಕಿದ. “ಮುಚ್ಚಳ ಹಾಕಿಸ್ತೀನಿ. ನೀವು ಕೊನೇ ಸಲ ನೋಡ್ಬಿಡಿ. ನಾವು ನಾಲ್ಕು ಜನ ಇಳಿಸ್ತೀವಿ, ನೀವು ಹೆಂಗಸರು ನಿಧಾನಕ್ಕೆ ಹಿಂದೆ ಬನ್ನಿ.”

ಅವಳು ಮುಖ ಒರೆಸಿಕೊಂಡು ಎದ್ದಳು. ಮುಂದಿನ ಕೋಣೆಗೆ ಬಂದು ಗಂಡನ ಅಂಗಿಯ ಕಾಲರು ಸರಿಮಾಡಿದಳು. ಮುಚ್ಚಳ ಕೂತ ಮೇಲೆ ತಿರುಗಿ ನಿಂತಳು.

“ಹೊರೋರು ಯಾರು ಅಂತ ನಾನು ಹೇಳ್ತೀನಿ,” ಎಂದಳು.

ಮುಚ್ಚಳ ಹಾಕಿದವರು ತಿರುಗಿ ನೋಡಿದರು.

“ಹಿಂದೆ ನೀನು ಮತ್ತೆ ಸಿಸ್ಟರ್. ಮುಂದೆ ಲಂಬು, ನಾನು. ಕನ್ನಡಕದಂಗಡಿಯವರಿಗೆ ಕಾಲು ನೋವು, ಅವರು ಮುಂದೆ ಇಳಿದು ದಾರಿ ಹೇಳಲಿ.”

“ಅತ್ತಿಗೆ!” ಮೈದುನ ತಬ್ಬಿಬ್ಬಾದ. “ನನ್ನ ಮಕ್ಕಳು ಗಟ್ಟಿಮುಟ್ಟಾಗಿ ನಿಂತಿದ್ದಾರೆ. ಆ ಹುಡುಗಿ ನೋಡಿದ್ರೆ ಕಡ್ಡಿ ಹಾಗಿದ್ದಾಳೆ.”

“ನೋಡೋಕೆ ಹಾಗೆ. ಬಾಗಿಲು ಒದ್ದು ಮುರಿಯೋಳು ಅವಳು,” ಎಂದಳು. ಲಂಬುವಿನ ತುಟಿ ಅದುರಿತು.

“ಇಳಿಯೋವಾಗ ಭಾರ ಎಲ್ಲ ಮುಂದಿನವರ ಮೇಲೇ ಬೀಳುತ್ತೆ. ಮೆಟ್ಟಿಲು ಬೇರೆ ಇಕ್ಕಟ್ಟು.”

“ಗೊತ್ತು ಕಣಪ್ಪ. ನಿಮ್ಮಣ್ಣ ಭಾರ ಏನಿಲ್ಲ. ಹಿಂದೆ ನೀನಿದ್ದೀಯ ಅನ್ನೋ ಧೈರ್ಯದಲ್ಲೇ ನಾನು ಮುಂದೆ ಹಿಡೀತಿರೋದು.”

ಮೈದುನ ಅಂಗಿಯ ತೋಳು ಮಡಚಿಕೊಂಡು ಹಿಂದಿನ ತುದಿಗೆ ಹೋಗಿ ನಿಂತ. ಅವನ ಕಣ್ಣುಗಳು ಆಗ ಮೊದಲ ಸಲ ತುಂಬಿದ್ದವು.

ಎತ್ತಿದರು. ಲಂಬು ಅವಳ ಎತ್ತರಕ್ಕೆ ಇಳಿಯಲು ಮಂಡಿ ಬಗ್ಗಿಸಿದ, ಸೊಂಟ ಬಗ್ಗಿಸಿದ, ಕತ್ತು ವಾಲಿಸಿದ. ಪೆಟ್ಟಿಗೆ ಸಮಕ್ಕೆ ಬಂತು. ಕನ್ನಡಕದವನು ಒಂದು ಕೈ ಕಂಬಿಯ ಮೇಲಿಟ್ಟು, ಅವರತ್ತ ಮುಖ ಮಾಡಿ, ಹಿಮ್ಮುಖವಾಗಿ ಇಳಿಯತೊಡಗಿದ.

“ಮುಂದೆ ಮೆಟ್ಟಿಲು ಸವೆದಿದೆ, ಜೋಪಾನ,” ಎಂದು ಅವನು ಹೇಳುತ್ತ ಹೋದ. “ಬಲಗಡೆ ಗೋಡೆ. ಇಲ್ಲಿ ಬೆಳಕು ಕಮ್ಮಿ. ಈಗ ತಿರುವು ಬಂತು.”

ಒಂದೊಂದು ಮಹಡಿಯಲ್ಲೂ ಬಾಗಿಲುಗಳು ತೆರೆದವು. ಜನ ಹೊಸಿಲಲ್ಲೇ ನಿಂತು ಗೋಡೆಗೆ ಒರಗಿ ದಾರಿ ಬಿಟ್ಟರು. ತಿರುವಿನಲ್ಲಿ ಹಿಂದಿನವರು ಇನ್ನೂ ಎತ್ತರದ ಮೆಟ್ಟಿಲಲ್ಲಿದ್ದಾಗ ಪೆಟ್ಟಿಗೆ ಮುಂದಕ್ಕೆ ವಾಲಿತು. ಒಳಗೆ ಏನೋ ಮೆಲ್ಲಗೆ ಜಾರಿತು. ಅವನ ಎರಡೂ ಪಾದಗಳು ಬಂದು ಮುಂದಿನ ಹಲಗೆಗೆ ತಾಗಿ ನಿಂತದ್ದು ಅವಳ ಭುಜಕ್ಕೆ ತಿಳಿಯಿತು.

“ಯಾಕಕ್ಕ, ಇಳಿಸ್ಬೇಕಾ?” ಎಂದು ಲಂಬು ಕೇಳಿದ.

ಅವಳು ಬೇಡವೆಂದು ತಲೆಯಾಡಿಸಿದಳು. ಭುಜವನ್ನು ಹಲಗೆಗೆ ಇನ್ನಷ್ಟು ಒತ್ತಿಕೊಟ್ಟು, ಆ ಪಾದಗಳು ಸರಿಯಾಗಿ ಊರಿಕೊಳ್ಳುವವರೆಗೆ ನಿಂತು, ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಳು.