ಬರೀ ಓದಿದ್ದಕ್ಕೆ

ಒಬ್ಬನಿಗೆ ಸಾಕಾಗುವಷ್ಟು ಅನ್ನ ಮಾಡುವುದು ವಿಶ್ವೇಶನಿಗೆ ಇನ್ನೂ ಬಂದಿರಲಿಲ್ಲ. ತಾಯಿ ಅಹಲ್ಯಾಬಾಯಿ ತೀರಿಕೊಂಡು ಎರಡು ವರ್ಷವಾದರೂ ಕೈ ಇಬ್ಬರ ಅಳತೆಗೇ ಅಕ್ಕಿ ಹಾಕುತ್ತಿತ್ತು. ರಾಯಚೂರಿನ ಆ ಮನೆಯಲ್ಲೇ ಕುಳಿತು ಸುತ್ತಲಿನ ಊರವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವನ ಕಸುಬು. ದಿನವಿಡೀ ಮಾತಾಡಿಸುವವರಿಲ್ಲ. ಆ ಮಧ್ಯಾಹ್ನ ಉಣ್ಣಲು ಕುಳಿತಾಗ ಮಾನ್ವಿಯಿಂದ ಸೂಫಿಯಾ ಫೋನ್ ಮಾಡಿದಳು.

ಅಲ್ಲಿ ಜಾಹೆದಾ ಆಪಾ ನಡೆಸುವ ಮದುವೆ ಬ್ಯೂರೋದಲ್ಲಿ ಸೂಫಿಯಾ ಕೆಲಸಕ್ಕಿದ್ದಳು. ಹುಡುಗಿಯರ ಫೋಟೊ ಯಾರ ಕೈಗೂ ಕೊಡುವಂತಿಲ್ಲ, ಗಂಡಿನ ಮನೆಯ ಹೆಂಗಸರೇ ಬಂದು ಅಲ್ಲೇ ಕುಳಿತು ನೋಡಿ ಹೋಗಬೇಕು ಎನ್ನುವುದು ಆಪಾ ಅವರ ಕಟ್ಟಪ್ಪಣೆ. ಅಂಥ ಹನ್ನೊಂದು ಫೋಟೊಗಳು ಈಗ ಊರಿನ ಗಂಡಸರ ಮೊಬೈಲುಗಳಲ್ಲಿ ತಿರುಗುತ್ತಿದ್ದವು. ಕಳಿಸಿದ್ದು ಸೂಫಿಯಾಳ ಲಾಗಿನ್ನಿನಿಂದ ಎಂದು ವಿಶ್ವೇಶ ಆ ಬ್ಯೂರೋಗೆ ಮಾಡಿಕೊಟ್ಟಿದ್ದ ಸೈಟು ತೋರಿಸುತ್ತಿತ್ತು.

"ಅಲ್ಲಾನ ಆಣೆ ಸರ್, ನಾ ಏನೂ ಕಳಿಸಿಲ್ಲ. ಹೊಸಾ ಅರ್ಜಿ ಒಂದು ಬಂದಿತ್ತು. ಬರೀ ಓದಾಕ ತೆಗೆದೆ, ಅಷ್ಟ."

"ನೋಡ್ತೀನಿ ತಡಿಯವ್ವಾ," ಎಂದ ವಿಶ್ವೇಶ.

ನೋಡಿದ. ಅರ್ಜಿಯಲ್ಲಿ 'ನಿಮ್ಮ ಬಗ್ಗೆ ಎರಡು ಮಾತು' ಎಂಬ ಜಾಗವಿತ್ತು. ಅಲ್ಲಿ ಯಾರೇ ಏನೇ ಬರೆದರೂ ಸೈಟು ಅದನ್ನು ಸೋಸದೆ ಹಾಗೆಯೇ ಪುಟದ ಮೇಲೆ ಹಾಕುತ್ತಿತ್ತು. ಯಾವನೋ ಕಿಡಿಗೇಡಿ ಮಾತಿನ ಬದಲು ಕಂಪ್ಯೂಟರಿಗೆ ಅಪ್ಪಣೆ ಬರೆದಿದ್ದ. ಸೂಫಿಯಾ ಓದಲು ತೆರೆದೊಡನೆ ಅವಳ ಬ್ರೌಸರು ಅದನ್ನು ಪಾಲಿಸಿ, ಅವಳ ಹೆಸರಿನಲ್ಲೇ ಫೋಟೊಗಳನ್ನು ಹೊರಗೆ ಸಾಗಿಸಿತ್ತು. ಬಂದ ಬರಹವನ್ನು ಬರೀ ಅಕ್ಷರವಾಗಿ ತೋರಿಸು ಎಂದು ಒಂದು ಸಾಲು ಬರೆದಿದ್ದರೆ ಇದು ಆಗುತ್ತಿರಲಿಲ್ಲ. ಬರೆಯಬೇಕಾಗಿದ್ದವನು ವಿಶ್ವೇಶ. ಹದಿನೈದು ನಿಮಿಷದಲ್ಲಿ ಸರಿಪಡಿಸಿದ.

ಮರುದಿನ ಆಪಾ ಫೋನ್ ಮಾಡಿ ಕೇಳಿದರು, "ಸೈಟಿಂದೇನರ ತಪ್ಪು ಅದ ಏನ್ರಿ? ಇದ್ರ ಹೇಳಿಬಿಡ್ರಿ. ಹುಡುಗಿ ಎಂಟು ವರ್ಷದಿಂದ ನನ್ನಲ್ಲಿ ಅದಾಳ."

"ಇಲ್ರಿ ಆಪಾ, ಸೈಟು ಸರಿ ಅದ," ಎಂದ. ಈಗ ಸರಿ ಇತ್ತಲ್ಲ, ಸುಳ್ಳೇನೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಜಾಣರಿಗೆ ಇಂಥ ಮಾತು ಬೇಗ ಸಿಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಸೂಫಿಯಾಳ ಕೆಲಸ ಹೋಯಿತು.

ಆಮೇಲೂ ಅವಳು ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಏನಾದರೂ ಗೊತ್ತಾಯಿತೇ ಎಂದು ಕೇಳುವಳು. ನೋಡಾಕತ್ತೀನಿ ಎಂದು ಇವನು ಹೇಳುವನು. ಹನ್ನೆರಡನೆಯ ದಿನ ಅವಳು ಕೇಳಲಿಲ್ಲ.

"ಓಣ್ಯಾಗ ಕಂಡೋರು ಮಾರಿ ತಿರುವ್ತಾರ ಸರ್. ಸ್ವಂತ ಅಕ್ಕ ಸೈತ ಮಾತಾಡವಲ್ಲಳು. ನಿಮ್ಮನ್ನ ಎಷ್ಟಂತ ಕಾಡ್ಲಿ? ಆದ್ರ ಫೋನ್ ಎತ್ತೋರು ನೀವೊಬ್ರೇ ಅದೀರಿ."

ಅವಳ ಫೋನಿಗಾಗಿ ತಾನೂ ದಿನಾ ಕಾಯುತ್ತಿದ್ದೇನೆ ಎನ್ನುವುದು ಆಗ ವಿಶ್ವೇಶನಿಗೆ ಹೊಳೆದು ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದ. ಅವನು ಕೇಳಿಕೊಂಡಂತೆ ಆಪಾ ಸೂಫಿಯಾಳನ್ನೂ ಆ ಹನ್ನೊಂದು ಹುಡುಗಿಯರಲ್ಲಿ ಒಬ್ಬಳ ತಾಯಿ ಗುಲ್ನಾಜಳನ್ನೂ ಕರೆಸಿದ್ದರು. ಗುಲ್ನಾಜಳ ಮಗಳ ನಿಶ್ಚಯ ಮುರಿದಿತ್ತು.

"ನನ್ನ ಮಗಳು ಊಟ ಬಿಟ್ಟಾಳ. ಯಾರನ್ನ ಬೈಲಿ ನಾನು?" ಎಂದು ಅವಳು ಸೂಫಿಯಾಳತ್ತ ನೋಡಿದಳು.

ವಿಶ್ವೇಶ ಲ್ಯಾಪ್‌ಟಾಪಿನಲ್ಲಿ ಸೈಟಿನ ಹಳೆಯ ಪ್ರತಿ ತೆರೆದ. ಅದರಲ್ಲಿ ಹುಡುಗಿಯರ ಫೋಟೊ ಇರಲಿಲ್ಲ, ಅವನದೇ ಒಂದಿತ್ತು. ಕಿಡಿಗೇಡಿ ಬರೆದಂಥದೇ ಅಪ್ಪಣೆಯನ್ನು ಗುಲ್ನಾಜಳ ನಂಬರಿಗೆ ಹೊಂದಿಸಿ ಒಂದು ಅರ್ಜಿಯಲ್ಲಿ ಬರೆದಿಟ್ಟಿದ್ದ. "ಆಪಾ, ನಿಮ್ಮ ಲಾಗಿನ್ ಹಾಕಿ ಈ ಅರ್ಜಿ ಓದ್ರಿ. ಬ್ಯಾರೆ ಏನೂ ಒತ್ತಬ್ಯಾಡ್ರಿ."

ಆಪಾ ಕನ್ನಡಕ ಏರಿಸಿ ಅರ್ಜಿ ತೆರೆದರು. ಎರಡು ಸಾಲು ಓದುವಷ್ಟರಲ್ಲಿ ಗುಲ್ನಾಜಳ ಮೊಬೈಲಿಗೆ ವಿಶ್ವೇಶನ ಫೋಟೊ ಬಂತು. ಕಳಿಸಿದವರು: ಜಾಹೆದಾ.

"ನಾ ಏನೂ ಮಾಡಿಲ್ಲ!" ಎಂದರು ಆಪಾ, ಗಾಬರಿಯಿಂದ.

"ಸೂಫಿಯಾನೂ ಮಾಡಿಲ್ರಿ. ಬಾಗಲಾ ತೆರೆದಿಟ್ಟವ ನಾನು. ಬೈಯೋದಿದ್ರ ನನ್ನ ಬೈರಿ ಗುಲ್ನಾಜಮ್ಮ."

ಸೂಫಿಯಾ ಮೆಲ್ಲಗೆ ಕೇಳಿದಳು, "ನಿಮಗ ಯಾವಾಗ ಗೊತ್ತಾತು ಸರ್?"

ನಿನ್ನೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು ಕೂಡ.

"ನೀ ಮೊದಲ್ನೇ ಸಲ ಫೋನ್ ಮಾಡಿದ್ಯಲ್ಲ, ಅವತ್ತೇ."

ಅವಳು ಬೈಯಲಿಲ್ಲ. ಎದ್ದು ಹೊರಗೆ ನಡೆದಳು. ಗುಲ್ನಾಜ್ ಗಡಬಡಿಸಿ ಚಪ್ಪಲಿ ಮೆಟ್ಟಿಕೊಂಡು, "ಸೂಫಿಯಾ, ನಿಲ್ಲವ್ವಾ, ನಾನೂ ಬರ್ತೀನಿ," ಎನ್ನುತ್ತ ಹಿಂದೆಯೇ ಓಡಿದಳು.

"ಇಂಥಾ ಸೈಟು ಇನ್ನ ಎಷ್ಟು ಮಂದಿಗೆ ಮಾಡಿ ಕೊಟ್ಟೀರಿ?" ಎಂದು ಆಪಾ ಕೇಳಿದರು.

"ಆರು."

"ಅವರಿಗೆ ಹೇಳೀರೇನು?"

"ಇನ್ನೂ ಇಲ್ರಿ," ಎಂದ ವಿಶ್ವೇಶ.

ಆ ಸಂಜೆ ರಾಯಚೂರಿನ ಮನೆಯಲ್ಲಿ ಫೋನ್ ಬರಲಿಲ್ಲ. ಇನ್ನು ಬರುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಮನೆ ಬಿಕೋ ಎನ್ನುತ್ತಿತ್ತು. ಅವಳ ಹನ್ನೆರಡು ದಿನ ಹೀಗಿದ್ದವಲ್ಲ ಎಂದುಕೊಂಡ, ಕಣ್ಣು ತುಂಬಿ ಬಂತು. ಆಮೇಲೆ ಮುಖ ಒರೆಸಿಕೊಂಡು ಆರರಲ್ಲಿ ಮೊದಲನೆಯವರಾದ ದೇವದುರ್ಗದ ಕಲೀಮುಲ್ಲಾ ಅವರ ನಂಬರ್ ಒತ್ತಿದ.

"ನಮಸ್ಕಾರ್ರಿ, ವಿಶ್ವೇಶ ಮಾತಾಡೋದು. ನನ್ನಿಂದ ಒಂದು ತಪ್ಪಾಗ್ಯಾದ. ನೀವು ಕೇಳೂ ಮೊದಲ ಹೇಳಬೇಕಂತ ಫೋನ್ ಮಾಡಿದೆ."