ಕನಕಗಿರಿ ದಾಟಿದ ಮೇಲೆ

"ಉಳ್ಳಾಗಡ್ಡಿ ಚೀಲಕ್ಕೂ ಟಿಕೆಟ್ ಏನಬೇ? ನೀ ಹುಟ್ಟೂಕಿಂತ ಮುಂಚೇನ ಈ ರೂಟಿನ್ಯಾಗ ಅಡ್ಡಾಡಾಕತ್ತೀನಿ ನಾ!"

ಬಸ್ಸಿನ ನಡುವೆ ಈರುಳ್ಳಿ ಚೀಲದ ಪಕ್ಕ ಎದ್ದು ನಿಂತ ಆಸಾಮಿ ಬಾಗಿಲಿನಷ್ಟು ಅಗಲವಿದ್ದ. ಅವನೆದುರು ಕಂಡಕ್ಟರ್ ಶಿವಲಿಂಗಮ್ಮ ಖಾಕಿ ಅಂಗಿ ತೊಟ್ಟ ಕಾಲೇಜು ಹುಡುಗಿಯಂತೆ ಕಾಣುತ್ತಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಐದು ತಿಂಗಳು. ಹಿಂದಿನ ಸೀಟಿನಲ್ಲಿ ಕುಳಿತ ಅವಳ ಚಿಗವ್ವ ಗಾಳೆಮ್ಮ ಕತ್ತು ಚಾಚಿ ನೋಡಿದಳು.

ಗಂಗಾವತಿಯಲ್ಲಿ ಖಾಲಿ ಖಾಲಿ ಎರಡು ಬಸ್ಸು ಬಿಟ್ಟು, ಕಾದು ಕಾದು ಹತ್ತಿದ್ದ ಬಸ್ಸಿದು. ಅಕ್ಕನ ಮಗಳು ಟಿಕೆಟ್ ಹರಿಯುವುದನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬ ಚಪಲ. ಲಿಂಗಿ ಮಾತ್ರ ಎಲ್ಲರಿಗೂ ಕೇಳಿದಂತೆಯೇ "ಎಲ್ಲಿಗ್ರಿ?" ಎಂದು ಕೇಳಿ, ಆಧಾರ್ ಕಾರ್ಡು ನೋಡಿ, ಕನಕಗಿರಿಗೆ ಪುಕ್ಕಟೆ ಚೀಟಿ ಕೊಟ್ಟು ಮುಂದೆ ಹೋಗಿದ್ದಳು. ಆ 'ರಿ' ಕೇಳಿ ಗಾಳೆಮ್ಮನಿಗೆ ಸ್ವಲ್ಪ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಹೆಮ್ಮೆಯೂ ಆಯಿತು. ಕನಕಗಿರಿಯಲ್ಲಿ ಇಳಿದು ಹುಲಿಹೈದರದ ಟಂಟಂ ಆಟೋ ಹಿಡಿಯುವುದಷ್ಟೇ ಬಾಕಿಯಿತ್ತು.

ಬಸ್ಸು ಕನಕಗಿರಿಯಲ್ಲಿ ನಿಂತಿತು. ಗಾಳೆಮ್ಮ ಕೈಚೀಲ ಹಿಡಿದು ಎದ್ದಳು. ಅದೇ ಹೊತ್ತಿಗೆ ಆ ಆಸಾಮಿ ಟಿಕೆಟ್ ಮಷೀನಿನ ಪಟ್ಟಿಗೆ ಕೈ ಹಾಕಿದ.

"ಕೈ ತಗೀರಿ," ಎಂದಳು ಲಿಂಗಿ.

"ತಗೀದಿದ್ರ ಏನ್ ಮಾಡ್ತಿ?"

ಗಾಳೆಮ್ಮನ ಕಾಲು ಮುಂದೆ ಹೋಗಲಿಲ್ಲ. ಕೆಳಗಿನಿಂದ ಹತ್ತುವವರು ನುಗ್ಗಿ ಬಂದರು. ಅವರ ನಡುವೆ ಲಿಂಗಿಯ ಮುಖ ಮರೆಯಾಗಿ ಮತ್ತೆ ಕಂಡಿತು. ಹುಬ್ಬಿನ ಮೇಲಿನ ಗಾಯದ ಗುರುತೂ ಕಂಡಿತು.

ಆ ಗುರುತಿಗೆ ಗಾಳೆಮ್ಮನೇ ಕಾರಣ. ಆಗ ಅವಳಿಗೆ ಹದಿನಾರು. ಅಕ್ಕ ಶ್ರೀರಾಮನಗರದ ಗದ್ದೆಗಳಿಗೆ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು, ಮಗುವನ್ನು ನೋಡಿಕೊಳ್ಳಲು ತಂಗಿಯನ್ನು ಕರೆಸಿಕೊಂಡಿದ್ದಳು. ಒಂದು ದಿನ ಕಾಲುವೆಯ ಹತ್ತಿರ ಬಳೆಗಾರ್ತಿ ಮಾಶಾಬಿ ಬುಟ್ಟಿ ಇಳಿಸಿದಳು. ಹಸಿರು ಬಳೆ ಕೈಗೆ ಏರಿಸಿಕೊಳ್ಳುವಷ್ಟರಲ್ಲಿ ಮೂರು ವರ್ಷದ ಲಿಂಗಿ ಮೆಟ್ಟಿಲು ಉರುಳಿ ನೀರಿನ ಅಂಚಿಗೆ ಬಿದ್ದಿತ್ತು. ನಾಲ್ಕು ಹೊಲಿಗೆ ಹಾಕಿದರು. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು. ಅಂದಿನಿಂದ ಗಾಳೆಮ್ಮ ಆ ಮಗುವಿನ ಮೇಲಿನ ಕಣ್ಣು ತೆಗೆದವಳಲ್ಲ.

ಇವತ್ತೂ ತೆಗೆಯಲಾಗಲಿಲ್ಲ. ಮತ್ತೆ ಕುಳಿತುಬಿಟ್ಟಳು. ಬಸ್ಸು ಹೊರಟಿತು.

"ಸೀಟಿ ಊದಿ ಬಸ್ ನಿಂದ್ರಸ್ತೀನಿ. ಇಷ್ಟು ಮಂದಿಗೆ ನೀವ ಉತ್ತರ ಕೊಡ್ರಿ," ಎಂದಳು ಲಿಂಗಿ. ದನಿ ಏರಿಸಲಿಲ್ಲ.

"ಕೊಡಪಾ ಮಾರಾಯ, ತಡಾ ಆಗ್ತೈತಿ," ಎಂದು ಮುಂದಿನಿಂದ ಯಾರೋ ಗೊಣಗಿದರು. ಆಸಾಮಿ ಅತ್ತಿತ್ತ ನೋಡಿದ, ಪಟ್ಟಿ ಬಿಟ್ಟ, ಜೇಬಿಗೆ ಕೈ ಹಾಕಿದ. ಗಾಳೆಮ್ಮನಿಗೆ ಎದ್ದು ನಿಂತು 'ಆಕಿ ನಮ್ಮಾಕಿ' ಎಂದು ಕೂಗುವಷ್ಟು ಸಂತೋಷವಾಯಿತು. ಕಿಟಕಿಯಾಚೆ ನೋಡಿದಾಗ ಊರು ದಾಟಿ ಬಯಲು ಬಂದಿತ್ತು.

ತಾನು ಇಳಿಯಲಿಲ್ಲವೆಂದು ಲಿಂಗಿಗೆ ಈಗ ಹೇಳಿಬಿಡಬೇಕು ಎಂದುಕೊಂಡಳು. ಹೇಳಲು ನಾಚಿಕೆ. ಆ ನಾಚಿಕೆಯಲ್ಲೇ ಎರಡು ಮೈಲಿ ಕಳೆಯಿತು. ಅಷ್ಟರಲ್ಲಿ ಬಸ್ಸು ಗಕ್ಕನೆ ನಿಂತು ಇಬ್ಬರು ಹತ್ತಿದರು.

"ಯಾರೂ ಇಳೀಬ್ಯಾಡ್ರಿ. ಟಿಕೆಟ್ ತಗೀರಿ."

ಹೆಂಗಸರಿಗೆ ಪುಕ್ಕಟೆ ನಿಜ, ಆದರೆ ಪುಕ್ಕಟೆಗೂ ಚೀಟಿ ಬೇಕು, ಚೀಟಿಯಲ್ಲಿ ಬರೆದ ಊರಿನಲ್ಲೇ ಇಳಿಯಬೇಕು. ಲಿಂಗಿಯ ನೌಕರಿ ಇನ್ನೂ ಕಾಯಂ ಆಗಿಲ್ಲ, ಒಂದು ಕೇಸು ಬಿದ್ದರೂ ಕುತ್ತು ಎಂದು ಅಕ್ಕ ಹೇಳಿದ್ದು ನೆನಪಾಯಿತು. ಚೀಟಿಯನ್ನು ನುಂಗಿಬಿಡಲೇ ಎಂದೂ ಯೋಚಿಸಿದಳು.

"ಇದು ಕನಕಗಿರಿ ತನಕ ಐತಿ," ಎಂದ ತಪಾಸಣೆಯವ, ಚೀಟಿ ತಿರುಗಿಸಿ ನೋಡುತ್ತ.

"ನಿದ್ದಿ ಹತ್ತಿತ್ರೀ ಸಾಹೇಬ್ರ. ಆ ಹುಡುಗಿದೇನೂ ತಪ್ಪಿಲ್ಲ."

"ಆಕಿ ನಿಮಗ ಏನಾಗಬೇಕು?"

ಪ್ರಶ್ನೆಯ ಒಳಗಿನ ಬಲೆ ಗಾಳೆಮ್ಮನಿಗೆ ತಿಳಿಯಿತು. ತನ್ನವರನ್ನು ಚೀಟಿಯಿಲ್ಲದೆ ಬಿಟ್ಟುಕೊಂಡ ಕಂಡಕ್ಟರ್ ಎಂದು ಬರೆದರೆ ಮುಗಿಯಿತು. "ಏನೂ ಇಲ್ರಿ," ಎಂದಳು. "ಆಕಿನ್ನ ನಾ ಇವತ್ತ ನೋಡಿದ್ದು."

ಲಿಂಗಿ ತನ್ನ ಕಡೆ ನೋಡದಿರಲಿ ಎಂದು ಬೇಡಿಕೊಂಡಳು. ಲಿಂಗಿ ನೇರ ಅವಳ ಕಡೆಗೇ ನಡೆದುಬಂದಳು.

"ಸುಳ್ಳು ಹೇಳಾಕತ್ಯಾಳ್ರಿ. ನಮ್ಮ ಚಿಗವ್ವ ಈಕಿ. ನನ್ನ ಎತ್ತಿ ಬೆಳಸ್ಯಾಳ. ಕನಕಗಿರಿಯಾಗ ಇಳದಾಳೋ ಇಲ್ಲೋ ನಾ ನೋಡಬೇಕಾಗಿತ್ತು, ನೋಡ್ಲಿಲ್ಲ. ಬರಕೊಳ್ರಿ."

ಉಳ್ಳಾಗಡ್ಡಿಯ ಆಸಾಮಿಯೂ ತಲೆ ತಗ್ಗಿಸಿದ. ತಪಾಸಣೆಯವ ಹುಡುಗಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಕರಗುತ್ತಾನೇನೋ ಎಂದು ಗಾಳೆಮ್ಮ ಕಾದಳು. ಅವನು ಕರಗಲಿಲ್ಲ, ಬರೆದುಕೊಂಡ. ಲಿಂಗಿ ಸಹಿ ಹಾಕಿದಳು. ಗಾಳೆಮ್ಮ ದಂಡ ಕಟ್ಟಿದಳು.

"ಹುಚ್ಚಿ, ಯಾಕ ಒಪ್ಪಿಗೊಂಡಿ?" ಎಂದಳು ಬಾಗಿಲ ಬಳಿ, ಅಳು ತಡೆದುಕೊಂಡು. "ನಾ ಹೆಂಗರ ದಾಟಸ್ತಿದ್ದೆ."

"ಇಳೀ ಚಿಗವ್ವಾ. ಆ ಕಡಿ ಹೋಗಿ ನಿಂದ್ರು, ಗಂಗಾವತಿ ಬಸ್ ಬರ್ತೈತಿ. ಕನಕಗಿರಿ ಅಂತ ಹೇಳಿ ಚೀಟಿ ತಗೋ," ಎಂದಳು ಲಿಂಗಿ.

ಗಾಳೆಮ್ಮ ಇಳಿದಳು. ಉರಿಬಿಸಿಲು. ಭತ್ತದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ರಸ್ತೆಯ ಅಂಚಿನಲ್ಲಿ ನಿಂತು ಬಸ್ಸು ಹೊರಡಲೆಂದು ಕಾದಳು. ಬಸ್ಸು ಹೊರಡಲಿಲ್ಲ.

"ಇನ್ನ ಏನಬೇ ತಂಗಿ? ರೈಟ್ ಹೇಳು," ಎಂದು ಡ್ರೈವರ್ ಕೂಗುವುದು ಕೇಳಿಸಿತು.

"ಆಕಿ ದಾಟ್ಲಿ, ತಡೀರಿ."

ಗಾಳೆಮ್ಮ ಸೆರಗು ಬಿಗಿದು, ಎಡಕ್ಕೆ ಬಲಕ್ಕೆ ನೋಡಿ, ಒಂದು ಲಾರಿಯನ್ನು ಬಿಟ್ಟು ರಸ್ತೆಗಿಳಿದಳು. ನಡುರಸ್ತೆಯಲ್ಲಿ ತಿರುಗಿದಾಗ ಲಿಂಗಿ ಮೆಟ್ಟಿಲ ಮೇಲೆ ನಿಂತು, ಸೀಟಿ ತುಟಿಯಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು. ಆಚೆ ಬೇವಿನ ನೆರಳಿಗೆ ಕಾಲಿಟ್ಟ ಮೇಲೆಯೇ ಎರಡು ಸೀಟಿ ಕೇಳಿಸಿದವು.